ಗಾಳಿ ಬೆಳಕಿಗೆಂದು ಕಟ್ಟಿದ ಊರು

ಬೆಂಗಳೂರಿಗೆ ಬರುವ ನೆಂಟರಿಗೆ ಊರಿನವರು ತೋರಿಸುವ ಸ್ಥಳಗಳು ಬಹುಮಟ್ಟಿಗೆ ಗೊತ್ತಾದುವೇ. ಲಾಲ್‌ಬಾಗು, ಕಬ್ಬನ್ ಪಾರ್ಕು, ವಿಧಾನಸೌಧ, ಟಿಪ್ಪುವಿನ ಬೇಸಿಗೆಯ ಅರಮನೆ; ಬಸವನಗುಡಿಯ ಕಡೆಗೆ ಕರೆತಂದರೆ ದೊಡ್ಡ ಬಸವಣ್ಣ, ದೊಡ್ಡ ಗಣಪತಿ, ಆ ಮೇಲೆ ಗಾಂಧಿಬಜಾರಿನಲ್ಲಿ ಒಂದು ಮಸಾಲೆ ದೋಸೆ. ಅಲ್ಲಿಗೆ ದರ್ಶನ ಮುಗಿಯಿತು. ಗುಡಿಯಿಂದ ಹೋಟೆಲಿಗೆ ನಡೆದುಹೋಗುವ ದಾರಿಯೇ ಒಂದು ನೋಡತಕ್ಕ ಸ್ಥಳವೆಂದು ಯಾರೂ ಹೇಳುವುದಿಲ್ಲ. ನೇರವಾದ ರಸ್ತೆಗಳು, ರಸ್ತೆಯ ಎರಡು ಕಡೆಗೂ ಮರಗಳು, ಅಲ್ಲೊಂದು ಇಲ್ಲೊಂದು ಉಳಿದಿರುವ ಹಂಚಿನ ಮನೆ, ಮನೆಯ ಸುತ್ತ ನಾಲ್ಕು ಹೆಜ್ಜೆ ಖಾಲಿ ನೆಲ: ಇದರಲ್ಲಿ ನೋಡುವುದೇನಿದೆ ಎಂದು ಯಾರಿಗಾದರೂ ಅನ್ನಿಸುವುದು ಸಹಜ.

ಆದರೆ ಆ ನಾಲ್ಕು ಹೆಜ್ಜೆ ಖಾಲಿ ನೆಲ ಸುಮ್ಮನೆ ಬಂದುದಲ್ಲ. ಅದನ್ನು ಬಿಡಿಸಿದ್ದು ಸಾವಿನ ಭಯ. ಬೆಂಗಳೂರಿನ ದಕ್ಷಿಣಕ್ಕಿರುವ ಬಸವನಗುಡಿ, ಉತ್ತರಕ್ಕಿರುವ ಮಲ್ಲೇಶ್ವರ, ಇವೆರಡೂ ಒಂದೇ ರೋಗದ ಕಾಲದಲ್ಲಿ, ಒಂದೇ ಉದ್ದೇಶಕ್ಕಾಗಿ ಹುಟ್ಟಿದ ಅವಳಿ ಬಡಾವಣೆಗಳು. ಮನೆ ಹೇಗಿದ್ದರೆ ಮನುಷ್ಯ ಆರೋಗ್ಯವಾಗಿರುತ್ತಾನೆ ಎಂಬ ಪ್ರಶ್ನೆಗೆ ಒಂದು ಸರ್ಕಾರ ಕಾಗದದ ಮೇಲಲ್ಲ, ನೆಲದ ಮೇಲೆಯೇ ಬರೆದ ಉತ್ತರವಿದು. ಆ ಉತ್ತರ ಈಗ ಒಂದೊಂದೇ ನಿವೇಶನದಲ್ಲಿ ಅಳಿಸಿಹೋಗುತ್ತಿರುವುದರಿಂದ, ಪೂರ್ತಿ ಅಳಿಯುವ ಮುನ್ನ ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಪೇಟೆಯಿಂದ ಹೊರಗೆ

1896ರಲ್ಲಿ ಮುಂಬಯಿಯನ್ನು ಹೊಕ್ಕ ಪ್ಲೇಗು ರೈಲುದಾರಿ ಹಿಡಿದು ದಕ್ಷಿಣಕ್ಕೆ ಇಳಿಯಿತು. 1898ರ ಆಗಸ್ಟ್ ತಿಂಗಳಿನಲ್ಲಿ ಅದು ಬೆಂಗಳೂರನ್ನು ತಲುಪಿತು. ಆಗಿನ ಊರೆಂದರೆ ಎರಡು ಊರು. ಒಂದು ಕಡೆ ಮೈಸೂರು ಸಂಸ್ಥಾನಕ್ಕೆ ಸೇರಿದ ಪೇಟೆ. ಇನ್ನೊಂದು ಕಡೆ ಬ್ರಿಟಿಷರ ದಂಡು. ಚಿಕ್ಕಪೇಟೆ, ಬಳೇಪೇಟೆ, ದೊಡ್ಡಪೇಟೆಗಳ ಸಂದಿಗಳಲ್ಲಿ ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು. ಕೆಳಗೆ ಅಂಗಡಿ, ಮೇಲೆ ಸಂಸಾರ, ಹಿಂದೆ ದವಸದ ಮೂಟೆ. ಬೀದಿಯ ಕಡೆಯ ಬಾಗಿಲೊಂದನ್ನು ಬಿಟ್ಟರೆ ಒಳಮನೆಗೆ ಗಾಳಿ ಬರುವ ಬೇರೆ ದಾರಿ ಬಹಳ ಮನೆಗಳಿಗೆ ಇರಲಿಲ್ಲ. ವ್ಯಾಪಾರಕ್ಕೆ ಅನುಕೂಲವಾಗಿದ್ದ ಈ ಒತ್ತು ಇಲಿಗೂ ಅನುಕೂಲವಾಗಿತ್ತು.

ಸಾವಿರಾರು ಜನ ಸತ್ತರು. ಅದಕ್ಕಿಂತ ಹೆಚ್ಚು ಜನ ಊರು ಬಿಟ್ಟರು. ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಕಳೆದ ಕಥೆಯನ್ನು ಮೈಸೂರು ಸೀಮೆಯ ಹಳೆಯ ಮನೆತನಗಳಲ್ಲಿ ಅಜ್ಜಿಯರು ಮೊಮ್ಮಕ್ಕಳಿಗೆ ಹೇಳುತ್ತಿದ್ದುದುಂಟು. 1891ರ ಜನಗಣತಿಯಲ್ಲಿ ಪೇಟೆ ದಂಡು ಎರಡೂ ಸೇರಿ ಸುಮಾರು 1 ಲಕ್ಷ 80 ಸಾವಿರವಿದ್ದ ಜನಸಂಖ್ಯೆ 1901ರ ವೇಳೆಗೆ ಸುಮಾರು 1 ಲಕ್ಷ 59 ಸಾವಿರಕ್ಕೆ ಇಳಿದಿತ್ತು. ಬೆಳೆಯುವುದೊಂದನ್ನೇ ಬಲ್ಲ ಊರೆಂದು ಇಂದು ಹೆಸರಾಗಿರುವ ಬೆಂಗಳೂರು ಹೀಗೆ ಕುಗ್ಗಿದ ಕಾಲವೂ ಒಂದಿತ್ತು. ಆ ಭಯದ ಗುರುತಾಗಿ ಪ್ಲೇಗಮ್ಮನ ಗುಡಿಗಳು ನಗರದಲ್ಲಿ ಇಂದಿಗೂ ಇವೆ. ರೋಗ ಹೋದರೂ ದೇವತೆ ಹೋಗಲಿಲ್ಲ. ಅರಿಸಿನ ಕುಂಕುಮ ನಡೆಯುತ್ತಲೇ ಇದೆ.

ಪೇಟೆಯ ಒತ್ತನ್ನು ಇಳಿಸಬೇಕೆಂಬ ಯೋಚನೆ ಪ್ಲೇಗಿಗಿಂತ ಮುಂಚಿನದು. ಚಾಮರಾಜೇಂದ್ರ ಒಡೆಯರ ಹೆಸರಿನ ಚಾಮರಾಜಪೇಟೆ 1892ರಲ್ಲಿಯೇ ಏರ್ಪಟ್ಟಿತ್ತು. ಪ್ಲೇಗು ಆ ಯೋಚನೆಯನ್ನು ತುರ್ತಾಗಿಸಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದ ಕೊನೆಯ ವರ್ಷಗಳಲ್ಲಿ, ಬಸವನ ಗುಡಿಯ ಸುತ್ತಣ ನೆಲವನ್ನೂ ಕಾಡು ಮಲ್ಲೇಶ್ವರನ ಗುಡಿಯ ಸುತ್ತಣ ನೆಲವನ್ನೂ ಸರ್ಕಾರ ಅಳೆದು, ಗೀಟು ಹಾಕಿ, ರಸ್ತೆ ಬಿಡಿಸಿ, ಚರಂಡಿ ತೋಡಿಸಿ, ನಿವೇಶನಗಳನ್ನು ವಿಂಗಡಿಸಿತು. ದೇವರ ಹೆಸರಿನ ಆಸರೆಯಲ್ಲಿ ಎರಡು ಹೊಸ ಊರುಗಳು ಎದ್ದವು.

ಇಲ್ಲೊಂದು ಸ್ವಾರಸ್ಯವುಂಟು. ಪ್ಲೇಗಿನ ಸೂಕ್ಷ್ಮಜೀವಿಯನ್ನು ಅಲೆಕ್ಸಾಂಡರ್ ಯೆರ್ಸಿನ್ 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದರೂ, ಅದನ್ನು ಇಲಿಯಿಂದ ಮನುಷ್ಯನಿಗೆ ಹೊತ್ತು ತರುವುದು ಚಿಗಟವೆಂದು ಪೌಲ್ ಲೂಯಿ ಸಿಮಂಡ್ ಕರಾಚಿಯಲ್ಲಿ ತೋರಿಸಿದ್ದು ಇದೇ 1898ರಲ್ಲಿ. ವೈದ್ಯಲೋಕ ಅದನ್ನು ಒಪ್ಪಿಕೊಳ್ಳಲು ಮತ್ತೆ ಸುಮಾರು ಹತ್ತು ವರ್ಷ ಬೇಕಾಯಿತು. ಅಂದರೆ ಬಸವನಗುಡಿಯ ರಸ್ತೆಗಳನ್ನು ಗೀಟು ಹಾಕಿದವರಿಗೆ ರೋಗದ ದಾರಿ ಪೂರ್ತಿ ತಿಳಿದಿರಲಿಲ್ಲ. ಇಕ್ಕಟ್ಟು, ಕತ್ತಲೆ, ತೇವ, ಕೊಳಕು ಇವುಗಳಲ್ಲಿ ರೋಗವಿದೆ, ಗಾಳಿ ಬೆಳಕುಗಳಲ್ಲಿ ಆರೋಗ್ಯವಿದೆ ಎಂಬಷ್ಟೇ ಅವರ ನಂಬಿಕೆ. ಕಾರಣ ಅರ್ಧ ತಿಳಿದಿದ್ದರೂ ಪರಿಹಾರ ಮುಕ್ಕಾಲು ಸರಿಯಾಗಿತ್ತು. ಎತ್ತರದ ತಳಪಾಯ, ಕಲ್ಲಿನ ನೆಲ, ಅಂಟಿಕೊಳ್ಳದ ಗೋಡೆ, ಬಿಸಿಲು ಬೀಳುವ ಕೋಣೆ, ಇವು ಇಲಿಯ ಬಿಡಾರಕ್ಕೆ ತಕ್ಕವಲ್ಲ. ಕ್ಷಯಕ್ಕೂ ಇಂಥ ಮನೆ ಶತ್ರುವೇ ಎಂಬುದು ಆ ಮೇಲೆ ಎಲ್ಲರೂ ಒಪ್ಪಿದ ಮಾತು.

ದಂಡಿನ ಕಡೆಯವರೂ ಸುಮ್ಮನಿರಲಿಲ್ಲ. ಅಲ್ಲಿ 1906ರಲ್ಲಿ ಫ್ರೇಜರ್ ಟೌನ್ ಪ್ರಾರಂಭವಾಯಿತು. ಅದರ ನಿರ್ಮಾಣದಲ್ಲಿ ಪಾಲ್ಗೊಂಡ ಜೆ. ಎಚ್. ಸ್ಟೀಫನ್ಸ್ ಎಂಬ ಇಂಜಿನಿಯರು ಬೆಂಗಳೂರಿನಲ್ಲಿ ಪ್ಲೇಗು ನುಸುಳದಂಥ ಪಟ್ಟಣವನ್ನು ಯೋಜಿಸುವುದು ಹೇಗೆಂಬ ವಿಷಯವಾಗಿ 1914ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಮೈಸೂರು ನಗರದಲ್ಲಿ 1903ರಲ್ಲಿಯೇ ನಗರಾಭಿವೃದ್ಧಿಗಾಗಿ ಒಂದು ಮಂಡಲಿ ಏರ್ಪಟ್ಟಿತು. ಬೆಂಗಳೂರಿಗೆ ಅಂಥ ಮಂಡಲಿ ಬಂದದ್ದು 1945ರಲ್ಲಿ. ಅದು 1976ರಲ್ಲಿ ಅಭಿವೃದ್ಧಿ ಪ್ರಾಧಿಕಾರವಾಯಿತು.

ಒಂದು ಮನೆಯ ಅಂಗಾಂಗ

ಗಾಂಧಿಬಜಾರಿನ ಗದ್ದಲದಿಂದ ಎರಡು ಅಡ್ಡರಸ್ತೆ ಒಳಕ್ಕೆ ಸರಿದರೆ ಆ ಕಾಲದ ಮಾದರಿಯ ಮನೆ ಇನ್ನೂ ಕಣ್ಣಿಗೆ ಬೀಳುತ್ತದೆ. ಮೊದಲು ಗೇಟು, ಗೇಟಿನ ಮೇಲೆ ಮಲ್ಲಿಗೆಯ ಬಳ್ಳಿ. ಮುಂದೆ ಒಂದಷ್ಟು ಅಂಗಳ. ಮೂರು ಮೆಟ್ಟಿಲು ಹತ್ತಿದರೆ ವರಾಂಡ. ಅದಕ್ಕೆ ಮರದ ಪಟ್ಟಿಗಳ ಜಾಲರಿ. ಕಿಟಕಿಗಳ ನೆತ್ತಿಯ ಮೇಲೆ ಮರದಲ್ಲಿ ಕೊರೆದ ಚೂಪು ಟೋಪಿಯಂಥ ಮಾಡು. ಬೆಂಗಳೂರಿನ ಇಂಗ್ಲಿಷರು ಅದಕ್ಕೆ 'ಮಂಕಿ ಟಾಪ್' ಎಂದು ಹೆಸರಿಟ್ಟಿದ್ದರು. ಒಳಗೆ ನಡುಮನೆ, ಎಡಬಲಕ್ಕೆ ಕೋಣೆಗಳು, ಹಿಂದೆ ಅಡಿಗೆಮನೆ, ಅದಕ್ಕೆ ಹೊಂದಿ ಬಚ್ಚಲುಮನೆ, ಆಚೆಗೆ ಹಿತ್ತಿಲು. ಹಿತ್ತಿಲಲ್ಲಿ ಬಾವಿ, ತುಳಸಿ, ಎರಡು ತೆಂಗಿನ ಮರ, ಒಂದು ಬಾಳೆಯ ಹಿಂಡಿಲು.

ಇದು ಅಂದಕ್ಕಾಗಿ ಮಾತ್ರ ಕಟ್ಟಿದ ಮನೆಯಲ್ಲ. ಪ್ರತಿ ಅಂಗಕ್ಕೂ ಒಂದು ಕೆಲಸವಿದೆ. ಗಾರೆಯಲ್ಲಿ ಕಟ್ಟಿದ ಒಂದೂವರೆ ಅಡಿ ದಪ್ಪದ ಗೋಡೆ ಹಗಲಿನ ಕಾವನ್ನು ಕೂಡಲೆ ಒಳಕ್ಕೆ ಬಿಡುವುದಿಲ್ಲ; ಆ ಕಾವು ಗೋಡೆಯನ್ನು ದಾಟುವ ವೇಳೆಗೆ ಹೊರಗೆ ಸಂಜೆಯ ತಂಗಾಳಿ ಬೀಸುತ್ತಿರುತ್ತದೆ. ಮೇಲಿನ ಮಂಗಳೂರು ಹೆಂಚು ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಪ್ರಾರಂಭಿಸಿದ ಕಾರ್ಖಾನೆಯ ಸಂತಾನ. ಹೆಂಚು ಹೆಂಚುಗಳ ನಡುವಿನ ಸಂದುಗಳು ಮೇಲಕ್ಕೇರಿದ ಬಿಸಿ ಗಾಳಿಯನ್ನು ಹೊರಕ್ಕೆ ಬಿಡುತ್ತವೆ. ಗೋಡೆಯ ಮೇಲ್ಭಾಗದ ಗವಾಕ್ಷಿ ಮಾಡುವುದೂ ಅದನ್ನೇ. ಕೆಳಗಿನ ಕಿಟಕಿಯಿಂದ ಬಂದ ತಣ್ಣನೆಯ ಗಾಳಿ ಕಾದು, ಹಗುರಾಗಿ, ಮೇಲಿನಿಂದ ಹೊರಹೋಗುತ್ತದೆ. ಅದರ ಜಾಗಕ್ಕೆ ಹೊಸ ಗಾಳಿ ಬರುತ್ತದೆ. ವಿದ್ಯುತ್ತಿನ ಪಂಖವಿಲ್ಲದೆ ಮನೆ ಉಸಿರಾಡುವ ರೀತಿ ಇದು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದೇ 1905ರಲ್ಲಿ ಎಂಬುದನ್ನು ನೆನೆದರೆ, ಇದು ಅನಿವಾರ್ಯವಾಗಿದ್ದ ಜಾಣತನವೆಂದು ತಿಳಿಯುತ್ತದೆ.

ವರಾಂಡವೆಂಬುದು ಬಿಸಿಲಿಗೂ ಮನೆಗೂ ನಡುವೆ ನಿಂತ ದ್ವಾರಪಾಲಕ. ಬಿಸಿಲು ಅಲ್ಲಿಯವರೆಗೆ ಬರಬಹುದು. ನಡುಮನೆಗೆ ಬೆಳಕು ಮಾತ್ರ ಹೋಗತಕ್ಕದ್ದು. ನಯವಾಗಿ ತೀಡಿದ ಕೆಂಪು ನೆಲ ಬೇಸಿಗೆಯ ಮಧ್ಯಾಹ್ನ ಚಾಪೆಯಿಲ್ಲದೆ ಮಲಗುವಷ್ಟು ತಂಪು. ಬಚ್ಚಲಿನ ನೀರು ಚರಂಡಿಗೆ ಹೋಗದೆ ಬಾಳೆಯ ಬುಡಕ್ಕೆ ಹೋಗುತ್ತಿತ್ತು. ಮುಸುರೆ ಬೀದಿಗೆ ಹೋಗದೆ ಹಸುವಿಗೆ ಹೋಗುತ್ತಿತ್ತು. ಒಮ್ಮೆ ಉಪಯೋಗಿಸಿದ್ದನ್ನು ಮತ್ತೊಮ್ಮೆ ಉಪಯೋಗಿಸಬೇಕೆಂದು ಈಗ ಸಭೆಗಳಲ್ಲಿ ಹೇಳುವ ಮಾತನ್ನು ಆ ಮನೆಗಳ ಗೃಹಿಣಿಯರು ಯಾವ ಸಭೆಗೂ ಹೋಗದೆ ನಡೆಸುತ್ತಿದ್ದರು.

ಮನೆಯಾಚೆಗಿನ ಏರ್ಪಾಡೂ ಇದಕ್ಕೆ ಹೊಂದಿಕೊಂಡಿತ್ತು. ರಸ್ತೆ ಅಗಲ, ರಸ್ತೆಗೆ ಮರ. ಮಲ್ಲೇಶ್ವರದಲ್ಲಿ ರಸ್ತೆಗಳಿಗೆ ಮರಗಳ ಹೆಸರನ್ನೇ ಇಟ್ಟರು: ಸಂಪಿಗೆ ರಸ್ತೆ, ಬೇವಿನ ಮರದ ಇಂಗ್ಲಿಷ್ ಹೆಸರಿನ ಮಾರ್ಗೋಸಾ ರಸ್ತೆ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಜರ್ಮನ್ ತೋಟಗಾರ ಕ್ರುಂಬಿಗಲ್, ಒಂದು ಜಾತಿಯ ಹೂ ಮುಗಿಯುವಾಗ ಇನ್ನೊಂದು ಅರಳುವಂತೆ ಬೆಂಗಳೂರಿನ ಸಾಲುಮರಗಳನ್ನು ಆರಿಸಿದುದು ಪ್ರಸಿದ್ಧ ಸಂಗತಿ. ಅದು ಕಣ್ಣಿನ ಹಬ್ಬಕ್ಕೆ ಮಾತ್ರವಲ್ಲ. ಬೆಂಗಳೂರಿನ ರಸ್ತೆಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ, ಮಧ್ಯಾಹ್ನದ ಹೊತ್ತಿನಲ್ಲಿ ಮರವಿರುವ ರಸ್ತೆಯ ಗಾಳಿ ಮರವಿಲ್ಲದ ರಸ್ತೆಯ ಗಾಳಿಗಿಂತ ಸುಮಾರು 5 ಡಿಗ್ರಿಗಳಷ್ಟು ತಂಪಾಗಿರಬಲ್ಲದು. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಉಷ್ಣತೆ 39.2 ಡಿಗ್ರಿ ಮುಟ್ಟಿದ್ದನ್ನು ನೆನಪಿಟ್ಟವರಿಗೆ 5 ಡಿಗ್ರಿಯ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಹಿತ್ತಿಲ ಹಿಂದಿನ ಓಣಿ

ಹಳೆಯದನ್ನು ಹೊಗಳುವಾಗ ಹಿಂಬಾಗಿಲನ್ನು ಮುಚ್ಚಿಡುವುದು ನ್ಯಾಯವಲ್ಲ. ಈ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳ ಹಿತ್ತಿಲುಗಳ ನಡುವೆ ಒಂದು ಕಿರಿದಾದ ಓಣಿ ಇದೆ. ಕನ್ಸರ್ವೆನ್ಸಿ ಓಣಿ ಎಂದು ಅದರ ಹೆಸರು. ಒಳಚರಂಡಿ ಇಲ್ಲದ ಕಾಲದಲ್ಲಿ, ಮನೆಯವರ ಕಣ್ಣಿಗೆ ಬೀಳದಂತೆ ಬಂದು ಮಲವನ್ನು ಎತ್ತಿಕೊಂಡು ಹೋಗುವವರಿಗೆಂದು ಬಿಟ್ಟ ದಾರಿ ಅದು. ಮುಂಬಾಗಿಲಲ್ಲಿ ಸಂಪಿಗೆಯ ಕಂಪು ಬೀಸಬೇಕಾದರೆ ಹಿಂದಿನ ಓಣಿಯಲ್ಲಿ ಮನುಷ್ಯರು ಮನುಷ್ಯರ ಹೇಸಿಗೆಯನ್ನು ಹೊರಬೇಕಾಗಿತ್ತು. ನಿವೇಶನಗಳನ್ನು ಹಂಚುವಾಗ ಜಾತಿಗಳನ್ನು ನೋಡಿ ಭಾಗಗಳನ್ನು ವಿಂಗಡಿಸಿದ್ದೂ ಉಂಟು. ಗಾಳಿ ಬೆಳಕುಗಳನ್ನು ಧಾರಾಳವಾಗಿ ಹಂಚಿದ ಯೋಜನೆ, ಅವು ಯಾರಿಗೆ ಎಂಬ ಪ್ರಶ್ನೆ ಬಂದಾಗ ಹಳೆಯ ಪೇಟೆಯ ಲೆಕ್ಕಕ್ಕೇ ಹಿಂತಿರುಗಿತು. ಸರ್ಕಾರಿ ನೌಕರರು, ವಕೀಲರು, ಉಪಾಧ್ಯಾಯರು ಹೊಸ ಬಡಾವಣೆಗೆ ಬಂದರು. ಪೇಟೆಯ ಕೂಲಿಕಾರನು ಪೇಟೆಯಲ್ಲಿಯೇ ಉಳಿದನು.

ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕ ಸರ್ಕಾರ 1970ರ ದಶಕದಲ್ಲಿ, ಬಸವಲಿಂಗಪ್ಪನವರು ಸಚಿವರಾಗಿದ್ದಾಗ, ನಿಷೇಧಿಸಿತು. ಕೇಂದ್ರದ ಕಾಯಿದೆಗಳು 1993ರಲ್ಲಿಯೂ 2013ರಲ್ಲಿಯೂ ಬಂದುವು. ಓಣಿಗಳು ಕೆಲಸವಿಲ್ಲದೆ ಉಳಿದುವು. ಕೆಲವು ಕಸದ ತೊಟ್ಟಿಗಳಾದುವು. ಕೆಲವನ್ನು ಅಕ್ಕಪಕ್ಕದವರು ತಮ್ಮ ಕಾಂಪೌಂಡಿನೊಳಕ್ಕೆ ಎಳೆದುಕೊಂಡರು. ಮಲ್ಲೇಶ್ವರದಲ್ಲಿ ಕೆಲವು ಓಣಿಗಳನ್ನು ನಿವಾಸಿಗಳೇ ಮುಂದೆ ನಿಂತು ಶುಚಿಗೊಳಿಸಿ, ಗೋಡೆಗಳಿಗೆ ಚಿತ್ರ ಬರೆಸಿ, ನಡೆದಾಡುವ ದಾರಿಗಳನ್ನಾಗಿ ಮಾಡಿಕೊಂಡಿದ್ದಾರೆ. ಅವಮಾನದ ದಾರಿಯಲ್ಲಿ ಮಕ್ಕಳು ಸೈಕಲ್ ಕಲಿಯುವಂತಾದರೆ ಅದು ಸಣ್ಣ ಸುಧಾರಣೆಯಲ್ಲ.

ನೀರಿನ ಲೆಕ್ಕ

ಆರೋಗ್ಯದ ಊರಿಗೆ ಗಾಳಿಯಷ್ಟೇ ನೀರೂ ಬೇಕು. ಪ್ಲೇಗಿಗೆ ಎರಡು ವರ್ಷ ಮೊದಲೇ, 1896ರಲ್ಲಿ, ಅರ್ಕಾವತಿಯ ಮೇಲಿನ ಹೆಸರಘಟ್ಟ ಕೆರೆಯಿಂದ ಬೆಂಗಳೂರಿಗೆ ಕೊಳಾಯಿಯ ನೀರು ಬಂದಿತ್ತು. ಅದು ಸಾಲದಾದಾಗ 1933ರಲ್ಲಿ ತಿಪ್ಪಗೊಂಡನಹಳ್ಳಿ. ಅದೂ ಸಾಲದಾದಾಗ 1974ರಲ್ಲಿ ಕಾವೇರಿ. ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಹತ್ತಿ ಬರುವ ನೀರು ಅದು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿಗಾಗಿ ಜನ ಕಾದು ನಿಂತರು. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿಯ ಐದನೆಯ ಹಂತ ಪ್ರಾರಂಭವಾಯಿತು.

ಹೀಗೆ ದೂರ ದೂರಕ್ಕೆ ಕೈ ಚಾಚುತ್ತಿರುವಾಗ ಹತ್ತಿರದ ನೀರಿಗೆ ಏನಾಯಿತು? ವೃಷಭಾವತಿ ನದಿ ಹುಟ್ಟುವುದು ದೊಡ್ಡ ಬಸವಣ್ಣನ ಪಾದದಲ್ಲಿ ಎಂಬುದು ಬಸವನಗುಡಿಯ ಜನರ ನಂಬಿಕೆ. ಹೆಸರೂ ಅದರಿಂದಲೇ ಬಂದುದು. ಕಾರ್ತಿಕ ಮಾಸದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆಗೆ ಬರುವ ಜನಸ್ತೋಮ ಆ ಬಸವಣ್ಣನಿಗೆ ಕೈ ಮುಗಿಯುತ್ತದೆ. ಆತನ ಪಾದದಿಂದ ಹೊರಟ ನದಿಯಾದರೋ ನಗರದ ಕೊಚ್ಚೆಯನ್ನು ಹೊತ್ತು, ಬೈರಮಂಗಲದ ಕೆರೆಯನ್ನು ನೊರೆಯಿಂದ ತುಂಬಿಸಿ, ಮುಂದೆ ಅರ್ಕಾವತಿಯನ್ನು ಸೇರುತ್ತದೆ. ಕೊಳೆಯನ್ನು ಮನೆಯಿಂದ ದೂರ ಸಾಗಿಸಬೇಕೆಂದು 1898ರವರು ಹೇಳಿದ ಪಾಠವನ್ನು ನಗರ ಚೆನ್ನಾಗಿ ಕಲಿಯಿತು. ದೂರದಲ್ಲಿಯೂ ಯಾರದೋ ಮನೆಯಿದೆ ಎಂಬ ಪಾಠವನ್ನು ಕಲಿಯುವುದು ಬಾಕಿಯಿದೆ.

ಆಕಾಶದಿಂದ ಬೀಳುವ ನೀರಿನ ಲೆಕ್ಕವೂ ಸ್ವಾರಸ್ಯವಾದುದೇ. ಬೆಂಗಳೂರಿಗೆ ವರ್ಷಕ್ಕೆ ಸರಾಸರಿ ಸುಮಾರು 970 ಮಿಲಿಮೀಟರ್ ಮಳೆ. 30 ಅಡಿ ಅಗಲ 40 ಅಡಿ ಉದ್ದದ ಒಂದು ಛಾವಣಿಯ ಮೇಲೆ ಒಂದು ವರ್ಷದಲ್ಲಿ ಬೀಳುವ ನೀರು ಸುಮಾರು 1 ಲಕ್ಷ 8 ಸಾವಿರ ಲೀಟರ್. ಐದರಲ್ಲಿ ಒಂದು ಪಾಲು ಹಾಳಾಯಿತೆಂದು ಬಿಟ್ಟರೂ 86 ಸಾವಿರ ಲೀಟರ್ ಕೈಗೆ ಸಿಕ್ಕೀತು. ತಲೆಗೆ ದಿನಕ್ಕೆ 135 ಲೀಟರಿನಂತೆ ನಾಲ್ಕು ಜನರ ಸಂಸಾರಕ್ಕೆ ಇದು ಐದು ತಿಂಗಳಿಗೂ ಮೀರಿದ ನೀರು. 2009ರಲ್ಲಿ ನಗರದಲ್ಲಿ ಮಳೆನೀರಿನ ಸಂಗ್ರಹ ಕಡ್ಡಾಯವಾಯಿತು. ಜಯನಗರದಲ್ಲಿ ಅದರ ರೀತಿಗಳನ್ನು ತೋರಿಸುವ ಉದ್ಯಾನವೂ ಇದೆ. ಹಳೆಯ ಹಿತ್ತಿಲಿಗೆ ಈ ಕಾಯಿದೆ ಬೇಕಾಗಿರಲಿಲ್ಲ. ಸೂರಿನಿಂದ ಇಳಿದ ನೀರು ನೆಲಕ್ಕೆ, ನೆಲದಿಂದ ಬಾವಿಗೆ, ಬಾವಿಯಿಂದ ಹಂಡೆಗೆ ಬರುತ್ತಿತ್ತು. ಅಂಗಳಕ್ಕೆಲ್ಲ ಕಾಂಕ್ರೀಟು ಹಾಕಿ ಕಾರು ನಿಲ್ಲಿಸಿದ ಮೇಲೆ ಬಾವಿಗೆ ನೀರೆಲ್ಲಿಂದ ಬರಬೇಕು?

ಬಂಡವಾಳದ ಮಾತು

ಇಷ್ಟೆಲ್ಲ ಗುಣವಿದ್ದ ಮನೆಗಳು ಏಕೆ ಮಾಯವಾಗುತ್ತಿವೆ? ಮನೆಯವರಿಗೆ ಅಭಿಮಾನವಿಲ್ಲದೆ ಅಲ್ಲ. ತಾತ ಕಟ್ಟಿಸಿದ ಮನೆಗೆ ಈಗ ನಾಲ್ಕು ಜನ ಹಕ್ಕುದಾರರು. ಒಬ್ಬರು ಊರಿನಲ್ಲಿ, ಇಬ್ಬರು ವಿದೇಶದಲ್ಲಿ, ಒಬ್ಬರು ಮೈಸೂರಿನಲ್ಲಿ. ಮಳೆ ಬಂದರೆ ಹೆಂಚು ಸೋರುತ್ತದೆ. ಹೆಂಚು ಹೊದಿಸುವವರು ಸಿಕ್ಕುವುದಿಲ್ಲ. ಗೆದ್ದಲು ಹಿಡಿದ ತೊಲೆ ಬದಲಾಯಿಸಲು ಹೋದರೆ ವರ್ಷದ ಉಳಿತಾಯ ಮುಗಿಯುತ್ತದೆ. ಅತ್ತ ಕಟ್ಟಡದ ಉದ್ಯಮಿ ಬಂದು, ಮನೆಯನ್ನು ಕೆಡವಿ ನಾಲ್ಕಂತಸ್ತು ಎಬ್ಬಿಸಿ ಅರ್ಧ ಅವರಿಗೆ ಅರ್ಧ ತನಗೆ ಎಂದು ಹೇಳುತ್ತಾನೆ. ನಾಲ್ಕು ಜನಕ್ಕೂ ಒಂದೊಂದು ಮನೆ, ವ್ಯಾಜ್ಯವಿಲ್ಲ. ಅಜ್ಜಿ ಹಿತ್ತಿಲಿನ ತೆಂಗಿನ ಮರವನ್ನು ನೋಡುತ್ತಾರೆ. ಮಕ್ಕಳು ಕಾಗದವನ್ನು ನೋಡುತ್ತಾರೆ. ಇಬ್ಬರನ್ನೂ ತಪ್ಪೆನ್ನುವಂತಿಲ್ಲ. ಬೆಂಗಳೂರಿನ ಎಷ್ಟೋ ಮನೆಗಳ ಕಥೆ ಇದು.

ಆದರೆ ಲೆಕ್ಕದಲ್ಲಿ ಒಂದು ಅಂಕಿ ಬಿಟ್ಟುಹೋಗಿದೆ. ಬಸವನಗುಡಿಯ ನೆಲಕ್ಕೆ ಇಷ್ಟು ಬೆಲೆ ಏಕೆ ಬಂತು? ಅಗಲವಾದ ರಸ್ತೆ, ಸಾಲುಮರ, ಉದ್ಯಾನ, ಒಳ್ಳೆಯ ಗಾಳಿ, ಇವುಗಳಿಂದ. ಅವನ್ನು ಗಳಿಸಿದ್ದು ಯಾವ ಒಬ್ಬ ನಿವೇಶನದವನೂ ಅಲ್ಲ. 1898ರಲ್ಲಿ ಸರ್ಕಾರ ಹಾಕಿದ ಬಂಡವಾಳ, ಪ್ರತಿಯೊಬ್ಬನೂ ತನ್ನ ನೆಲದ ಒಂದು ಭಾಗವನ್ನು ಕಟ್ಟದೆ ಬಿಟ್ಟ ಸಂಯಮ, ಎರಡೂ ಸೇರಿ ಆ ಬೆಲೆಯಾಗಿದೆ. ಮಾರಾಟದ ಜಾಹೀರಾತಿನಲ್ಲಿ ಮರದ ನೆರಳನ್ನು ಬಣ್ಣಿಸುವುದು, ಆ ಮೇಲೆ ಮರವನ್ನು ಕಡಿಯುವುದು, ಬಡ್ಡಿಯೊಂದಿಗೆ ಅಸಲನ್ನೂ ತಿಂದಂತೆ. ಮೊದಲ ಕಟ್ಟಡಕ್ಕೆ ಲಾಭವಾಗುತ್ತದೆ. ಹತ್ತನೆಯ ಕಟ್ಟಡದ ವೇಳೆಗೆ ಮಾರುವುದಕ್ಕೆ ನೆರಳೇ ಉಳಿದಿರುವುದಿಲ್ಲ. ಪಕ್ಕದ ಮನೆಯ ಗೋಡೆ ಕಿಟಕಿಗೆ ಬಂದು ನಿಂತಾಗ, ಹಗಲಿನಲ್ಲೂ ದೀಪ, ರಾತ್ರಿಯೆಲ್ಲ ಗಾಳಿಯಂತ್ರ, ತಿಂಗಳ ಕೊನೆಗೆ ವಿದ್ಯುತ್ತಿನ ಬಿಲ್ಲು. ಪೇಟೆಯನ್ನು ಬಿಟ್ಟು ಬಂದವರ ಮರಿಮಕ್ಕಳು ನಿಂತಲ್ಲಿಯೇ ಹೊಸದೊಂದು ಪೇಟೆಯನ್ನು ಕಟ್ಟಿಕೊಂಡಂತಾಗುತ್ತದೆ.

ಹಾಗೆಂದು ಎಲ್ಲರೂ ಹಂಚಿನ ಮನೆಯಲ್ಲಿರಲು ಸಾಧ್ಯವೇ? ಕೋಟಿ ಮೀರಿದ ಜನರಿಗೆ ಹಿತ್ತಿಲು, ಬಾವಿ, ತೆಂಗಿನ ಮರ ಕೊಡುತ್ತ ಹೋದರೆ ಬೆಂಗಳೂರು ತುಮಕೂರನ್ನೂ ಕೋಲಾರವನ್ನೂ ನುಂಗಬೇಕಾದೀತು. ಮಹಡಿಯ ಮನೆ ತಪ್ಪಲ್ಲ. ಗಾಳಿ ಬೆಳಕು ಮರೆತ ಮಹಡಿ ತಪ್ಪು. ಆ ಮರೆವು ಅನಿವಾರ್ಯವಲ್ಲವೆಂಬುದಕ್ಕೆ ಸಾಕ್ಷಿ ಇದೇ ಊರಿನ ದೊಮ್ಮಲೂರಿನಲ್ಲಿದೆ. ಅಲ್ಲಿ ಟೆರಿ ಸಂಸ್ಥೆಗಾಗಿ ವಾಸ್ತುಶಿಲ್ಪಿ ಸಂಜಯ್ ಮೋಹೆ ವಿನ್ಯಾಸ ಮಾಡಿದ ಕಚೇರಿಯೊಂದಿದೆ. ನಿವೇಶನದ ದಕ್ಷಿಣಕ್ಕೆ ದುರ್ವಾಸನೆಯ ಮೋರಿ. ಗಾಳಿ ಬೀಸುವುದೂ ಆ ಕಡೆಯಿಂದಲೇ. ಬೇರೆಯವರಾಗಿದ್ದರೆ ಕಿಟಕಿಗಳನ್ನೆಲ್ಲ ಮುಚ್ಚಿ ಗಾಳಿಯಂತ್ರ ಇಡಿಸುತ್ತಿದ್ದರು. ಇವರು ದಕ್ಷಿಣಕ್ಕೆ ಕಿಟಕಿಯಿಲ್ಲದ ಜೋಡಿಗೋಡೆ ಎಬ್ಬಿಸಿ ಅದಕ್ಕೆ ಕಪ್ಪು ಕಡಪ ಕಲ್ಲು ಹೊದಿಸಿದರು. ಬಿಸಿಲಿಗೆ ಕಲ್ಲು ಕಾದಾಗ ಎರಡು ಗೋಡೆಗಳ ನಡುವಿನ ಗಾಳಿ ಮೇಲಕ್ಕೇರುತ್ತದೆ. ಏರುವಾಗ ಒಳಗಿನ ಬಿಸಿ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಉತ್ತರದ ಕಡೆಯಿಂದ ಹೊಸ ಗಾಳಿ ಬರುತ್ತದೆ. ಹಂಚಿನ ಸಂದು, ಗವಾಕ್ಷಿಗಳು ಮಾಡುತ್ತಿದ್ದ ಕೆಲಸವೇ ಹೊಸ ವೇಷದಲ್ಲಿ ಬಂದುದು.

ಮಲ್ಲೇಶ್ವರಕ್ಕೆ ನೆರೆಯ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಎಂಬ ವಿಭಾಗ ಪ್ರಾರಂಭವಾಯಿತು. ಗ್ರಾಮಗಳಿಗೆ ಉಪಯೋಗವಾಗುವ ವಿಜ್ಞಾನ ಅದರ ಗುರಿ. ಅಲ್ಲಿನವರು ಮಣ್ಣಿಗೆ ಅಲ್ಪಸ್ವಲ್ಪ ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ ಮಾಡುವ ಇಟ್ಟಿಗೆಯನ್ನು ರೂಢಿಗೆ ತಂದರು. ಅದನ್ನು ಭಟ್ಟಿಯಲ್ಲಿ ಸುಡಬೇಕಾಗಿಲ್ಲ. ಸೌದೆಯೂ ಉಳಿಯಿತು, ಹೊಗೆಯೂ ತಪ್ಪಿತು. ಜಗತ್ತಿನಲ್ಲಿ ಇಂಧನದಿಂದ ಹುಟ್ಟುವ ಇಂಗಾಲದ ಅನಿಲದಲ್ಲಿ ಮೂರನೆಯ ಒಂದು ಪಾಲಿಗೂ ಹೆಚ್ಚು ಕಟ್ಟಡಗಳಿಂದಲೂ ಅವುಗಳ ನಿರ್ಮಾಣದಿಂದಲೂ ಬರುವಾಗ, ಒಂದು ಇಟ್ಟಿಗೆಯ ಹೊಗೆಯೂ ಲೆಕ್ಕಕ್ಕೆ ಬರುತ್ತದೆ. ಗ್ರಾಮಕ್ಕೆಂದು ಹುಟ್ಟಿದ ಆ ಇಟ್ಟಿಗೆಯ ಮನೆಗಳು ಇಂದು ಬೆಂಗಳೂರಿನ ಬಡಾವಣೆಗಳಲ್ಲಿಯೂ ಇವೆ.

ಪೇಟೆಯ ಅಡಿಯಲ್ಲಿ

ಬಸವನಗುಡಿಯಿಂದ ಮಲ್ಲೇಶ್ವರಕ್ಕೆ ಹೋಗಲು 2017ರಿಂದ ಮೆಟ್ರೋ ರೈಲಿನ ಅನುಕೂಲವಿದೆ. ನ್ಯಾಷನಲ್ ಕಾಲೇಜಿನ ನಿಲ್ದಾಣದಲ್ಲಿ ಮರಗಳ ತಲೆಯ ಮಟ್ಟದಲ್ಲಿ ಹತ್ತಿದ ಪ್ರಯಾಣಿಕನು ಸ್ವಲ್ಪ ಹೊತ್ತಿಗೆಲ್ಲ ನೆಲದೊಳಕ್ಕೆ ಇಳಿಯುತ್ತಾನೆ. ಕೃಷ್ಣರಾಜೇಂದ್ರ ಮಾರುಕಟ್ಟೆ, ಚಿಕ್ಕಪೇಟೆ: ಯಾವ ಪೇಟೆಯ ಒತ್ತಿನಿಂದ ಓಡಿಹೋದರೋ ಅದರ ಅಡಿಯಲ್ಲಿಯೇ ಗಾಡಿ ಸಾಗುತ್ತದೆ. ಮುಂದೆ ಮೆಜೆಸ್ಟಿಕ್, ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆಯಿದ್ದ ಜಾಗ ಅದು. ಆ ಮೇಲೆ ಗಾಡಿ ಬೆಳಕಿಗೆ ಬಂದು ಸಂಪಿಗೆ ರಸ್ತೆಯಲ್ಲಿ ನಿಲ್ಲುತ್ತದೆ. 1898ರಲ್ಲಿ ಗಂಟೆಗಟ್ಟಲೆ ಜಟಕಾದಲ್ಲಿಯೋ ಕಾಲುನಡಿಗೆಯಲ್ಲಿಯೋ ಸಾಗಬೇಕಾಗಿದ್ದ ದಾರಿ ಈಗ ಕಾಫಿ ಆರುವುದರೊಳಗೆ ಮುಗಿಯುತ್ತದೆ. ಇದೂ ಒಂದು ಬಂಡವಾಳವೇ. ರಸ್ತೆಯ ಮೇಲೆ ಒಂದು ಕಾರು ಕಡಿಮೆಯಾದರೆ ಅಷ್ಟು ಹೊಗೆ ಕಡಿಮೆ, ಅಷ್ಟು ಮಗುವಿನ ಕೆಮ್ಮು ಕಡಿಮೆ.

ಮಲ್ಲೇಶ್ವರದ ಎಂಟನೆಯ ಅಡ್ಡರಸ್ತೆಯಲ್ಲಿ ಸಂಜೆಯಾದರೆ ಹೂವಿನವರ ಕೂಗು. ಅಲ್ಲಿಂದ ಉತ್ತರಕ್ಕೆ ನಡೆದರೆ, ಕರ್ನಲ್ ಸ್ಯಾಂಕಿ 1882ರಲ್ಲಿ ಕಟ್ಟಿಸಿದ ಕೆರೆ. 2011ರಲ್ಲಿ ಆ ಕೆರೆಯ ಪಕ್ಕದ ರಸ್ತೆಯನ್ನು ಅಗಲ ಮಾಡಲು ಮರಗಳನ್ನು ಕಡಿಯಹೊರಟಾಗ, ಸುತ್ತಮುತ್ತಲಿನ ಗೃಹಸ್ಥರೂ ಗೃಹಿಣಿಯರೂ ವಿದ್ಯಾರ್ಥಿಗಳೂ ಮರಗಳ ಬುಡದಲ್ಲಿ ನಿಂತರು. ವಿಷಯ ಹೈಕೋರ್ಟಿನವರೆಗೂ ಹೋಯಿತು. ಅವರಲ್ಲಿ ಅನೇಕರಿಗೆ 1898ರ ಕಥೆ ಗೊತ್ತಿರಲಾರದು. ಆದರೆ ಊರೆಂದರೆ ತಾವು ಕೊಂಡ ನಿವೇಶನವಷ್ಟೇ ಅಲ್ಲ, ತಾವು ಉಸಿರಾಡುವ ಗಾಳಿಯೂ ಹೌದು ಎಂಬುದು ಅವರಿಗೆ ಗೊತ್ತಿತ್ತು.

ಸೂರ್ಯ ಮುಳುಗುವ ಹೊತ್ತಿಗೆ ಕೆರೆಯ ಸುತ್ತ ಜನ ನಡೆಯುತ್ತಿರುತ್ತಾರೆ. ವೈದ್ಯರು ಹೇಳಿದರೆಂದು ಬಿರುಸಾಗಿ ನಡೆಯುವವರು ಕೆಲವರು. ಯಾರೂ ಹೇಳದೆಯೆ ನಿಧಾನವಾಗಿ ನಡೆಯುವ ವೃದ್ಧ ದಂಪತಿಗಳು ಕೆಲವರು. ನೀರಿನ ಮೇಲಿಂದ ಗಾಳಿ ಬೀಸುತ್ತದೆ. ಆಚೆಯ ದಡದಲ್ಲಿ ಹೊಸ ಕಟ್ಟಡಗಳ ಗಾಜುಗಳಿಗೆ ಸಂಜೆಯ ಬಿಸಿಲು ತಗಲಿ ಹೊಳೆಯುತ್ತದೆ. ಈಚೆಯ ಹಳೆಯ ಮನೆಯೊಂದರ ವರಾಂಡದಲ್ಲಿ ಯಾರೋ ದೀಪ ಹಚ್ಚಿ, ಗಾಳಿಗೆ ಆರದಂತೆ ಕೈ ಅಡ್ಡ ಹಿಡಿದು ತುಳಸಿಯ ಕಡೆಗೆ ನಡೆಯುತ್ತಾರೆ. ಆ ಮನೆಯ ಗೇಟಿಗೆ ಮಾರಾಟದ ಹಲಗೆ ಇನ್ನೂ ಬಿದ್ದಿಲ್ಲ.